ಫೋನು ಸತ್ತಿದೆ ಎನ್ನುವ ಮೊದಲು

ಕುಕ್ಕರಿನ ಗ್ಯಾಸ್ಕೆಟ್ ಸಡಿಲವಾದರೆ ತಣ್ಣೀರಿನಲ್ಲಿ ಅದ್ದಿ ಮತ್ತೆ ಹಾಕುತ್ತೇವೆ. ನಲ್ಲಿ ತೊಟ್ಟಿಕ್ಕಿದರೆ ವಾಷರ್ ಬದಲಿಸುತ್ತೇವೆ. ದೋಸೆಹಿಟ್ಟು ರುಬ್ಬುವಾಗ ಮಿಕ್ಸಿ ಇದ್ದಕ್ಕಿದ್ದಂತೆ ನಿಂತುಹೋದರೆ ಅದರ ಹೊಟ್ಟೆಯಡಿಯ ಕೆಂಪು ಗುಂಡಿ ಒತ್ತಬೇಕೆಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಗೋಡೆಯಲ್ಲಿರುವ ಫೋನಿನ ಡಬ್ಬಿಯ ವಿಷಯ ಬಂದರೆ ಮಾತ್ರ ಏಕೋ ಕೈ ಹಿಂದಕ್ಕೆ ಸರಿಯುತ್ತದೆ. ರಿಸೀವರ್ ಎತ್ತಿ ಕಿವಿಗಿಟ್ಟು, ಸದ್ದಿಲ್ಲದಿದ್ದರೆ "ಡೆಡ್ ಆಗಿದೆ" ಎಂದು ಇಟ್ಟುಬಿಡುತ್ತೇವೆ. ಅಲ್ಲಿಗೆ ನಮ್ಮ ಕೆಲಸ ಮುಗಿಯಿತು. ಇನ್ನು ಲೈನ್‌ಮನ್ನರ ದಾರಿ ಕಾಯುವುದೊಂದೇ ಬಾಕಿ.

"ಈ ಕಾಲದಲ್ಲಿ ಗೋಡೆಯ ಫೋನು ಯಾರಿಗ್ರೀ ಬೇಕು? ಎಲ್ಲರ ಕೈಯಲ್ಲೂ ಮೊಬೈಲಿದೆಯಲ್ಲ!" ಎಂದು ನೀವು ನಗಬಹುದು. ನಗಿ, ಬೇಡವೆನ್ನುವುದಿಲ್ಲ. ಆದರೆ ಮನೆಯಲ್ಲಿ ಎಂಬತ್ತು ದಾಟಿದ ಹಿರಿಯರಿದ್ದರೆ ಒಮ್ಮೆ ಅವರನ್ನು ಕೇಳಿ ನೋಡಿ. ಗಾಜಿನ ಮೇಲೆ ಬೆರಳು ಸವರಿ ಅಂಕಿ ಹುಡುಕುವುದು ಅವರಿಗೆ ಎಷ್ಟು ಕಷ್ಟ! ಗುಂಡಿ ಒತ್ತುವ ಹಳೆಯ ಫೋನಿನಲ್ಲಿ 5ರ ಮೇಲೆ ಒಂದು ಪುಟ್ಟ ಚುಕ್ಕೆ ಉಬ್ಬಿಕೊಂಡಿರುತ್ತದೆ, ಗಮನಿಸಿದ್ದೀರಾ? ಕಣ್ಣು ಮಂಜಾದವರು ಆ ಚುಕ್ಕೆಯ ಮೇಲೆ ಬೆರಳಿಟ್ಟು, ಅದರ ಸುತ್ತ ಉಳಿದ ಅಂಕಿಗಳನ್ನು ಲೆಕ್ಕ ಹಾಕಿಕೊಂಡು ಒತ್ತುತ್ತಾರೆ. ನಮ್ಮ ಅತ್ತೆಯವರು ಹಾಗೆಯೇ. ಕನ್ನಡಕ ಹಾಕದೆ, ದೀಪ ಹಚ್ಚದೆ, ಕತ್ತಲಲ್ಲಿ ಕೂತು ತಿಪಟೂರಿನ ತಂಗಿಯ ಮನೆಗೆ ಫೋನು ಮಾಡಬಲ್ಲರು.

ನಮ್ಮ ಮನೆ ಇರುವುದು ಪೀಣ್ಯದ ಬಳಿ, ದಾಸರಹಳ್ಳಿಯ ಕಡೆ. ಒಂದು ಕಡೆ ಲೇತ್ ಮಿಷನ್ನುಗಳ ಸದ್ದು, ಇನ್ನೊಂದು ಕಡೆ ತುಮಕೂರು ರಸ್ತೆಯ ಲಾರಿಗಳು. ಹೆಂಗಸರ ಮಾತೆಲ್ಲ ಇಲ್ಲಿ ಸ್ವಲ್ಪ ಏರುದನಿಯದೇ. ಅತ್ತೆಯವರ ಕೋಣೆ ಮನೆಯ ಹಿಂಭಾಗದಲ್ಲಿದೆ. ಅಲ್ಲಿಗೆ ಸದ್ದು ಬರುವುದು ಕಡಿಮೆ, ಹಾಗೆಯೇ ಮೊಬೈಲಿನ ಸಿಗ್ನಲ್ ಬರುವುದೂ ಕಡಿಮೆ. ಎಲ್ಲರಿಗೂ ಮೊಬೈಲು ಬಂದಮೇಲೆ ಹಾಲಿನಲ್ಲಿದ್ದ ಫೋನನ್ನು ತೆಗೆದಿಟ್ಟೆವು. ಉಳಿದದ್ದು ಅತ್ತೆಯವರ ಮಂಚದ ಪಕ್ಕದ್ದೊಂದೇ.

ಹಿಂದೆ ಫೋನು ಸಿಗುತ್ತಿದ್ದುದೇ ದೊಡ್ಡ ಪುಣ್ಯ. ಎಪ್ಪತ್ತು ಎಂಬತ್ತರ ದಶಕಗಳಲ್ಲಿ ಅರ್ಜಿ ಹಾಕಿ ವರ್ಷಗಟ್ಟಲೆ ಕಾಯಬೇಕಿತ್ತು. ದೂರದೂರಿಗೆ ಮಾತನಾಡಬೇಕಾದರೆ ಟ್ರಂಕ್ ಕಾಲ್ ಬುಕ್ ಮಾಡಿ, ಗಂಟೆಗಟ್ಟಲೆ ಫೋನಿನ ಪಕ್ಕದಲ್ಲೇ ಕೂರಬೇಕಿತ್ತು. ಫೋನಿನ ಕಥೆಯಲ್ಲಿ ನಮ್ಮ ನಾಡಿನ ಪಾಲು ದೊಡ್ಡದು. 1948ರಲ್ಲಿ ಶುರುವಾದ ಐ.ಟಿ.ಐ. ಕಾರ್ಖಾನೆ ಇರುವುದು ಬೆಂಗಳೂರಿನ ಪೂರ್ವಕ್ಕೆ, ಕೃಷ್ಣರಾಜಪುರದ ಹತ್ತಿರ, ವೈಟ್‌ಫೀಲ್ಡಿಗೆ ಹೋಗುವ ಕಡೆ. ಅದರ ಸುತ್ತ ಬೆಳೆದ ಬಡಾವಣೆಯ ಹೆಸರೇ ದೂರವಾಣಿನಗರ. ದೇಶದ ಎಷ್ಟೋ ಮನೆ, ಕಚೇರಿಗಳಲ್ಲಿ ಕೂತಿದ್ದ ಆ ಭಾರದ ಕಪ್ಪು ಫೋನುಗಳು ಅಲ್ಲಿಂದ ಹೊರಟವು. ಅವುಗಳ ತಂತಿ, ತಿರುಪು ಜೋಡಿಸಿದವರಲ್ಲಿ ಹೆಂಗಸರೂ ಇದ್ದರು. ಮುಂದೆ ಸಿ-ಡಾಟ್ ಸಂಸ್ಥೆ ಹಳ್ಳಿಗಳಿಗೆಂದು ಪುಟ್ಟ ಟೆಲಿಫೋನ್ ಎಕ್ಸ್‌ಚೇಂಜ್ ಮಾಡಿದಾಗ ಅದನ್ನು ಮೊದಲು ಕೂರಿಸಿದ್ದು 1986ರಲ್ಲಿ, ರಾಣಿ ಚೆನ್ನಮ್ಮನ ಕಿತ್ತೂರಿನಲ್ಲಿ. ಹೆಂಗಸರ ಕೈ ಜೋಡಿಸಿದ ತಂತಿಯನ್ನು ಹೆಂಗಸರೇ ಮುಟ್ಟಲು ಹೆದರಬೇಕೇ, ಹೇಳಿ?

ಹೆದರಿಕೆ ಹೋಗಬೇಕಾದರೆ ಒಳಗೇನಿದೆ ಎಂದು ಗೊತ್ತಿರಬೇಕು. ಫೋನಿಗೆ ಬೇಕಾದ್ದು ಎರಡೇ ಎರಡು ತಾಮ್ರದ ತಂತಿ. ಎಕ್ಸ್‌ಚೇಂಜಿನಿಂದ ನೆಲದಡಿಯ ಕೇಬಲ್ಲಿನಲ್ಲಿ ನಮ್ಮ ರಸ್ತೆಯ ಕಂಬದವರೆಗೆ ಬಂದು, ಅಲ್ಲಿಂದ ಗಾಳಿಯಲ್ಲಿ ಜೋತುಬೀಳುವ ತಂತಿಯ ಮೂಲಕ ಮನೆಯ ಮುಂಗೋಡೆಯ ಡಬ್ಬಿಗೆ ಬರುತ್ತದೆ. ಆ ಮೊದಲ ಡಬ್ಬಿಯವರೆಗಿನದು ಕಂಪನಿಯವರ ಪಾಲು. ಅಲ್ಲಿಂದ ಒಳಗೆ ಹಾಲಿಗೆ, ಕೋಣೆಗೆ, ಮಹಡಿಗೆ ಹೋಗುವುದು ನಮ್ಮ ಪಾಲು.

ಇದನ್ನು ನೀರಿನ ಪೈಪಿಗೆ ಹೋಲಿಸಿ ನೋಡಿ. ಕೊನೆಯ ನಲ್ಲಿಯಲ್ಲಿ ನೀರು ಬರದಿದ್ದರೆ ನಾವು ಸೀದಾ ನೀರು ಸರಬರಾಜಿನವರಿಗೆ ಫೋನು ಮಾಡುವುದಿಲ್ಲ. ಮೊದಲು ಹೊರಗಿನ ಸಂಪಿನ ನಲ್ಲಿ ತಿರುಗಿಸಿ ನೋಡುತ್ತೇವೆ. ಅಲ್ಲಿ ನೀರಿದ್ದರೆ ತೊಂದರೆ ಮನೆಯೊಳಗಿದೆ, ಇಲ್ಲದಿದ್ದರೆ ಬೀದಿಯಲ್ಲಿದೆ. ಫೋನಿನ ಲೆಕ್ಕವೂ ಅಷ್ಟೇ. ಮೊದಲು ಒಳಗೋ ಹೊರಗೋ ಎಂದು ತಿಳಿಯಬೇಕು. ಒಳಗೆಂದಾದರೆ ಯಾವ ಡಬ್ಬಿಯವರೆಗೆ ಜೀವವಿದೆ, ಯಾವುದರಿಂದ ಮುಂದೆ ಇಲ್ಲ ಎಂದು ನೋಡುತ್ತಾ ಹೋಗಬೇಕು. ಇಷ್ಟೇ ಇದರ ವಿದ್ಯೆ.

ನನಗೆ ಈ ವಿದ್ಯೆ ಬಂದದ್ದು 2016ರ ಆಷಾಢದಲ್ಲಿ, ತಿಪಟೂರು ಚಿಕ್ಕಮ್ಮನವರಿಂದಾಗಿ.

ಅತ್ತೆಯವರಿಗೆ ಒಡಹುಟ್ಟಿದವರೆಂದು ಉಳಿದಿದ್ದವರು ಈ ತಂಗಿಯೊಬ್ಬರೇ. ಪ್ರತಿ ಸಂಜೆ 7 ಗಂಟೆಗೆ ಅವರದು ಫೋನು. ಮಾತು ಏನು ಮಹಾ? "ಊಟಕ್ಕೇನು ಮಾಡಿದ್ರು? ಮಂಡಿನೋವು ಹೆಂಗಿದೆ? ನಿನ್ ಸೊಸೆ ಇವತ್ತೇನಂದ್ಲು?" ಇಷ್ಟೇ. ಕಾಲು ಗಂಟೆ ಮಾತಾಡಿದರೆ ಇಬ್ಬರಿಗೂ ರಾತ್ರಿ ನಿದ್ದೆ. ಆ ವರ್ಷ ಚಿಕ್ಕಮ್ಮನವರಿಗೆ ಮರೆವು ಹೆಚ್ಚಾಗಿತ್ತು. ಬೆಳಗಿನ ಮಾತ್ರೆ ಮರೆಯುತ್ತಿದ್ದರು, ಮೊಮ್ಮಗನ ಹೆಸರು ಮರೆಯುತ್ತಿದ್ದರು. ಮರೆಯದೆ ಉಳಿದದ್ದು ನಮ್ಮ ಮನೆಯ ನಂಬರೊಂದೇ. 080 ಸೇರಿ 11 ಅಂಕಿ ಅವರ ಬೆರಳಿನ ತುದಿಯಲ್ಲೇ ಇತ್ತು.

ಒಂದು ಸೋಮವಾರ ಸಂಜೆ ಏಳೂವರೆಯಾದರೂ ಫೋನು ಬರಲಿಲ್ಲ. ಅತ್ತೆಯವರೇ ರಿಸೀವರ್ ಎತ್ತಿದರು.

"ಏನೇ ಇದು, ಒಂದು ಚೂರೂ ಸದ್ದೇ ಇಲ್ವಲ್ಲ!" ಎಂದರು.

ನನ್ನ ಮೊಬೈಲಿನಿಂದ ತಿಪಟೂರಿಗೆ ಫೋನು ಮಾಡಿ, ನಮ್ಮ ಫೋನು ಕೆಟ್ಟಿದೆ, ಗಾಬರಿಯಾಗಬೇಡಿ ಎಂದು ಹೇಳಿದೆ. ಅತ್ತೆಯವರನ್ನು ಹಾಲಿಗೆ ಕರೆತಂದು ಮೊಬೈಲನ್ನೇ ಕೈಗೆ ಕೊಟ್ಟೆ. ಅಕ್ಕ ತಂಗಿ ಇಬ್ಬರೂ "ಹಲೋ, ಹಲೋ" ಎಂದರೇ ಹೊರತು ಒಬ್ಬರ ಮಾತು ಇನ್ನೊಬ್ಬರಿಗೆ ಸರಿಯಾಗಿ ತಿಳಿಯಲಿಲ್ಲ. ಅತ್ತೆಯವರಿಗೆ ಆ ತೆಳ್ಳನೆಯ ಹಲಗೆಯನ್ನು ಕಿವಿಯ ಯಾವ ಜಾಗಕ್ಕೆ ಒತ್ತಿಕೊಳ್ಳಬೇಕೆಂದೇ ಗೊತ್ತಾಗದು. "ಇದ್ರಲ್ಲಿ ಅವಳ ದನಿ ಅವಳ ದನಿ ಥರಾನೇ ಕೇಳ್ಸಲ್ಲ ಕಣಮ್ಮ" ಎಂದು ವಾಪಸು ಕೊಟ್ಟರು.

ಮಾರನೆಯ ದಿನ ತಿಪಟೂರಿನ ಸೊಸೆ ನನ್ನ ಮೊಬೈಲಿಗೆ ಫೋನು ಮಾಡಿದಳು. ದನಿ ಇಳಿದಿತ್ತು. "ಅಕ್ಕಾ, ನೀವು ಹೇಳಿದ್ದನ್ನ ಅತ್ತೆ ಮರ್ತುಬಿಟ್ರು. ಏಳು ಗಂಟೆ ಆದ ತಕ್ಷಣ ನಂಬರ್ ಒತ್ತಿದ್ರು. ಆ ಕಡೆ ಗಂಟೆ ಹೊಡೀತಾನೇ ಇದೆ, ಯಾರೂ ಎತ್ತುತಿಲ್ಲ. ಅಕ್ಕನಿಗೆ ಏನೋ ಆಗಿದೆ, ನೀವೆಲ್ಲ ನನ್ನಿಂದ ಮುಚ್ಚಿಡ್ತಿದೀರಿ ಅಂತ ರಾತ್ರಿಯೆಲ್ಲ ಅತ್ರು" ಎಂದಳು.

ಇಲ್ಲಿ ಒಂದು ವಿಷಯ ಗಮನಿಸಿ. ನಮ್ಮ ಮನೆಯ ತಂತಿ ಎಲ್ಲೋ ತುಂಡಾಗಿದ್ದರೂ ಫೋನು ಮಾಡಿದವರಿಗೆ ಆ ಕಡೆ ಗಂಟೆ ಹೊಡೆದಂತೆಯೇ ಕೇಳಿಸುತ್ತದೆ. ಆ ಸದ್ದನ್ನು ಕೇಳಿಸುವುದು ಎಕ್ಸ್‌ಚೇಂಜ್, ನಮ್ಮ ಫೋನಲ್ಲ. ಹೀಗಾಗಿ ಪಾಪ, ಮಾಡಿದವರು ಮನೆಯಲ್ಲಿ ಯಾರೂ ಇಲ್ಲವೆಂದೋ, ಏನೋ ಆಗಿದೆಯೆಂದೋ ತಿಳಿಯುತ್ತಾರೆ. ಆದರೆ ಇದೇ ನಮಗೆ ಒಂದು ಪರೀಕ್ಷೆಯೂ ಹೌದು. ಮೊಬೈಲಿನಿಂದ ನಿಮ್ಮದೇ ಮನೆಯ ನಂಬರಿಗೆ ಮಾಡಿ ನೋಡಿ. ಗಂಟೆಯ ಸದ್ದು ಕೇಳಿಸಿ, ಮನೆಯ ಫೋನು ಮಾತ್ರ ಸುಮ್ಮನಿದ್ದರೆ ತಂತಿ ಎಲ್ಲೋ ಬಿಟ್ಟುಕೊಂಡಿರಬಹುದು. ಯಾವಾಗ ಮಾಡಿದರೂ ಎಂಗೇಜ್ ಸದ್ದು ಬಂದರೆ ಎರಡು ತಂತಿ ಒಂದಕ್ಕೊಂದು ತಗುಲಿರಬಹುದು, ಇಲ್ಲವೇ ಮನೆಯ ಯಾವುದೋ ಮೂಲೆಯ ಫೋನಿನ ರಿಸೀವರ್ ಸರಿಯಾಗಿ ಕೂತಿಲ್ಲದಿರಬಹುದು.

ದೂರು ಕೊಟ್ಟ ಮೂರನೆಯ ದಿನ ಲೈನ್‌ಮನ್ ಬಂದರು. ಮುಂಗೋಡೆಯ ಡಬ್ಬಿ ಬಿಚ್ಚಿ, ತಮ್ಮ ಫೋನನ್ನು ಸಿಕ್ಕಿಸಿ ನನ್ನ ಕಿವಿಗೇ ಕೊಟ್ಟರು. "ಗುಂಯ್" ಎಂಬ ಸದ್ದು ಸ್ಪಷ್ಟವಾಗಿ ಕೇಳಿಸಿತು. "ನೋಡಿಮ್ಮಾ, ಇಲ್ಲೀವರೆಗೆ ಲೈನ್ ಸರಿಯಾಗಿದೆ. ಒಳಗಿಂದು ನೀವೇ ನೋಡ್ಕೋಬೇಕು" ಎಂದು ಹೇಳಿ, ಒಂದು ಲೋಟ ಮಜ್ಜಿಗೆ ಕುಡಿದು ಹೊರಟರು. ಅವರು ಹೇಳಿದ್ದು ನ್ಯಾಯವೇ. ನಮ್ಮ ರಸ್ತೆಯ ಎಲೆಕ್ಟ್ರಿಷಿಯನ್ನನ್ನು ಕರೆದರೆ, "ಫೋನ್ ಕೆಲ್ಸ ನಾವು ಮಾಡಲ್ಲ ಮೇಡಂ" ಎಂದ. ನಮ್ಮವರಿಗೆ ಆ ವಾರ ಕಾರ್ಖಾನೆಯಲ್ಲಿ ಎರಡನೆಯ ಶಿಫ್ಟು. ಮನೆಗೆ ಬರುವಾಗ ರಾತ್ರಿ ಹನ್ನೊಂದೂವರೆ. ಸಂಜೆ ಏಳು ಗಂಟೆಗೆ ಮತ್ತೆ ಆ ಗಂಟೆ ಹೊಡೆಯುತ್ತದೆ, ಮತ್ತೆ ಆ ಜೀವ ಒದ್ದಾಡುತ್ತದೆ ಎಂದು ನೆನೆದರೆ ನನಗೆ ಅನ್ನ ಗಂಟಲಿಗಿಳಿಯಲಿಲ್ಲ.

ಗುರುವಾರ ಮಧ್ಯಾಹ್ನ ಪಾತ್ರೆ ತೊಳೆದಿಟ್ಟು, ಸೆರಗು ಸಿಕ್ಕಿಸಿ, ಕಾಲಿಗೆ ರಬ್ಬರ್ ಚಪ್ಪಲಿ ಹಾಕಿಕೊಂಡು ನಿಂತೆ. ಬೇಕಾದ ಸಾಮಾನು ಹೆಚ್ಚೇನಿಲ್ಲ. ಒಂದು ಸ್ಕ್ರೂಡ್ರೈವರ್, ಒಂದು ಟಾರ್ಚು, ಹಳೆಯ ಬ್ಲೇಡು, ಒಂದು ಚೂರು ಉಪ್ಪುಕಾಗದ. ತಿರುಪುಗಳು ಕಳೆಯದಂತೆ ಹಾಕಿಡಲು ಒಂದು ಬಟ್ಟಲು. ಬಟ್ಟಲನ್ನು ಅತ್ತೆಯವರು ಮಡಿಲಲ್ಲಿಟ್ಟುಕೊಂಡು ಕುರ್ಚಿಯ ಮೇಲೆ ಕೂತರು. "ಕರೆಂಟು ಹೊಡೆದ್ರೆ ನಂಗ್ ಹೇಳೇ" ಎಂದು ಬೇರೆ ಎಚ್ಚರಿಸಿದರು!

ಮೊದಲು ನೋಡಬೇಕಾದದ್ದು ಫೋನೇ ಸರಿಯಿದೆಯೇ ಎಂದು. ಅದನ್ನು ತೆಗೆದುಕೊಂಡು ಎದುರುಮನೆಗೆ ಹೋಗಿ, ಅವರ ಜಾಕಿಗೆ ಸಿಕ್ಕಿಸಿ ನೋಡಿದೆ. ಚೆನ್ನಾಗಿಯೇ ಹಾಡಿತು. ಹಾಗಾದರೆ ಫೋನಿನದೂ ತಪ್ಪಿಲ್ಲ, ಅದರ ಬಳ್ಳಿಯದೂ ತಪ್ಪಿಲ್ಲ. ನೀವೂ ಇದನ್ನು ಮೊದಲು ಮಾಡಿ. ಎಷ್ಟೋ ಸಲ ಸತ್ತಿರುವುದು ಗೋಡೆಯಲ್ಲ, ಗೋಡೆಯಿಂದ ಫೋನಿಗೆ ಬರುವ ಬಳ್ಳಿ. ಅದರ ತುದಿಯ ಪ್ಲಗ್ಗಿನಲ್ಲಿ ಚಿಟಿಕೆಯಂಥ ಒಂದು ಪ್ಲಾಸ್ಟಿಕ್ ನಾಲಿಗೆ ಇರುತ್ತದೆ. ಸಿಕ್ಕಿಸಿದಾಗ "ಟಿಕ್" ಎನ್ನಬೇಕು. ಆ ನಾಲಿಗೆ ಮುರಿದಿದ್ದರೆ ಪ್ಲಗ್ಗು ಹಿಂದಕ್ಕೆ ಸರಿದು ಲೈನು ಬಿಟ್ಟುಹೋಗುತ್ತದೆ. ಬಳ್ಳಿ ಬದಲಿಸಿದರೆ ಮುಗಿಯಿತು.

ಆಮೇಲೆ ಅದೇ ಫೋನನ್ನು ಹಿಡಿದು ಮುಂದಿನಿಂದ ಹಿಂದಕ್ಕೆ ಹೊರಟೆ. ಮುಂಗೋಡೆಯ ಡಬ್ಬಿಯಲ್ಲಿ ಸದ್ದಿದೆಯೆಂದು ಲೈನ್‌ಮನ್ ತೋರಿಸಿಯೇ ಹೋಗಿದ್ದರು. ಹಾಲಿನ ಜಾಕಿಗೆ ಸಿಕ್ಕಿಸಿದೆ. ಗುಂಯ್! ಇದೆ. ಅತ್ತೆಯವರ ಕೋಣೆಯ ಜಾಕಿಗೆ ಸಿಕ್ಕಿಸಿದೆ. ನಿಶ್ಶಬ್ದ. ಹಾಗಾದರೆ ಕಳ್ಳ ಇರುವುದು ಹಾಲಿಗೂ ಕೋಣೆಗೂ ನಡುವೆ. ಆ ದಾರಿಯಲ್ಲಿ ಇರುವುದು ಒಂದೇ ಒಂದು ಡಬ್ಬಿ, ಅಡುಗೆಮನೆಯ ಬಾಗಿಲಿನ ಎದುರು. ಅದಕ್ಕೆ ಪ್ಲಗ್ಗು ಸಿಕ್ಕಿಸುವ ತೂತೇ ಇಲ್ಲ. ಬರುವ ತಂತಿಯನ್ನೂ ಹೋಗುವ ತಂತಿಯನ್ನೂ ಕೂಡಿಸುವುದಕ್ಕೆಂದು ಇಟ್ಟ ಡಬ್ಬಿ ಅದು. ಇಪ್ಪತ್ತು ವರ್ಷದಿಂದ ಅಲ್ಲೇ ಇದ್ದರೂ ಅದರ ಮೇಲೆ ನಾನು ಬಟ್ಟೆ ಆಡಿಸಿದ್ದೆನೇ ಹೊರತು ಬಿಚ್ಚುವ ಪ್ರಸಂಗ ಬಂದಿರಲಿಲ್ಲ.

ಎರಡು ತಿರುಪು ತೆಗೆದು ಮುಚ್ಚಳ ಎತ್ತಿದೆ. ಒಳಗೆ ಒಗ್ಗರಣೆಯ ಹೊಗೆಯೆಲ್ಲ ಕಪ್ಪು ಜಿಡ್ಡಾಗಿ ಕೂತಿತ್ತು. ಜಿಡ್ಡಿನ ಮೇಲೆ ಸತ್ತ ಇರುವೆಗಳು. ಎರಡು ತಂತಿಗಳಲ್ಲಿ ಒಂದು ಕೆಂಪಗೆ ಗಟ್ಟಿಯಾಗಿತ್ತು. ಇನ್ನೊಂದು ಹಸಿರಿಗೆ ತಿರುಗಿ, ತಿರುಪಿನ ಬುಡದಲ್ಲಿ ತುಂಡಾಗಿತ್ತು. ಆ ಹಸಿರನ್ನು ನೋಡಿದ ಕೂಡಲೇ ಗುರುತು ಹತ್ತಿತು. ತೊಳೆಯದೆ ಬಿಟ್ಟ ತಾಮ್ರದ ತಂಬಿಗೆಯಲ್ಲಿ, ಹುಳಿ ನಿಂತ ಹಿತ್ತಾಳೆ ಪಾತ್ರೆಯಲ್ಲಿ ದಿನಾ ನೋಡುವ ಕಿಲುಬು! ತಾಮ್ರ ಎಲ್ಲಿದ್ದರೂ ತಾಮ್ರವೇ. ಪಸೆ, ಹಬೆ ತಾಗಿದರೆ ಕಿಲುಬು ಹಿಡಿಯುತ್ತದೆ, ಕಿಲುಬು ಹಿಡಿದ ತಂತಿ ಸವೆದು ಮುರಿಯುತ್ತದೆ.

"ಹುಣಿಸೆಹಣ್ಣು ಹಚ್ಚಿ ಉಜ್ಜೇ" ಎಂದರು ಅತ್ತೆ. ಪಾತ್ರೆಗಾದರೆ ಸರಿ, ತಂತಿಗೆ ಹುಣಿಸೆಹಣ್ಣು ಕೂಡದು. ಹುಳಿಯ ಪಸೆ ಒಳಗೇ ಉಳಿದು ಇನ್ನಷ್ಟು ಕಿಲುಬು ಕಟ್ಟುತ್ತದೆ. ಹಸಿರಾದ ತುದಿಯನ್ನು ಕತ್ತರಿಸಿ ಬಿಸಾಡಿದೆ. ಬ್ಲೇಡಿನಿಂದ ಮೇಲಿನ ಪ್ಲಾಸ್ಟಿಕ್ಕನ್ನು ಅರ್ಧ ಅಂಗುಲ ಸುಲಿದು, ಒಳಗಿನ ಹೊಸ ತಾಮ್ರ ತೆಗೆದೆ. ಉಪ್ಪುಕಾಗದದಿಂದ ತಿರುಪನ್ನೂ ಅದರ ಬಿಲ್ಲೆಯನ್ನೂ ಹೊಳೆಯುವಂತೆ ಉಜ್ಜಿದೆ. ತಂತಿಯನ್ನು ತಿರುಪಿಗೆ ಸುತ್ತುವಾಗ, ತಿರುಪು ಬಿಗಿಯಾಗುವ ಕಡೆಗೇ ಸುತ್ತಬೇಕು. ಆಗ ಬಿಗಿಮಾಡಿದಂತೆ ತಂತಿ ಒಳಕ್ಕೆ ಎಳೆದುಕೊಳ್ಳುತ್ತದೆ. ಉಲ್ಟಾ ಸುತ್ತಿದರೆ ಬಿಚ್ಚಿಕೊಳ್ಳುತ್ತದೆ. ಎರಡು ತಂತಿಯ ಬೋಳು ತುದಿಗಳು ಒಂದಕ್ಕೊಂದು ತಾಗದಂತೆ ನೋಡಿಕೊಂಡು, ಒಣಬಟ್ಟೆಯಿಂದ ಒರೆಸಿ ಮುಚ್ಚಳ ಹಾಕಿದೆ. ಅಷ್ಟಕ್ಕೂ ಹಿಡಿದದ್ದು ಅರ್ಧ ಗಂಟೆ.

ಕೋಣೆಗೆ ಹೋಗಿ ರಿಸೀವರ್ ಎತ್ತಿ ಅತ್ತೆಯವರ ಕಿವಿಗಿಟ್ಟೆ. ಏನೂ ಹೇಳಲಿಲ್ಲ, ತಲೆಯಾಡಿಸಿದರು.

ಸಂಜೆ ಏಳಕ್ಕೆ ಗಂಟೆ ಹೊಡೆಯಿತು. ನಾನು ಓಡಿಬಂದರೆ, "ಇರು, ಮೂರು ಸಲ ಹೊಡ್ಕೊಳ್ಲಿ" ಎಂದು ಕೈ ಅಡ್ಡ ಹಿಡಿದರು. ಮೂರನೆಯದಕ್ಕೆ ಎತ್ತಿ, "ಇದೀನಿ ಕಣೇ, ಇದೀನಿ. ನಂಗೇನಾಗತ್ತೆ?" ಎಂದರು. ಆ ಕಡೆಯಿಂದ ಏನು ಕೇಳಿಸಿತೋ, ತುಂಬ ಹೊತ್ತು ಇಬ್ಬರೂ ಸುಮ್ಮನಿದ್ದರು. ಆಮೇಲೆ ಎಂದಿನಂತೆ ಊಟ, ಮಂಡಿನೋವು, ಸೊಸೆ.

ಚಿಕ್ಕಮ್ಮ ಆ ವರ್ಷ ಕಾರ್ತೀಕದಲ್ಲಿ ತೀರಿಕೊಂಡರು. ಹಿಂದಿನ ಸಂಜೆಯವರೆಗೂ ಫೋನು ಬರುತ್ತಲೇ ಇತ್ತು.

ನಾನು ಡಬ್ಬಿ ಬಿಚ್ಚಿದ ಸುದ್ದಿ ಕೇಳಿ ಅಕ್ಕಪಕ್ಕದ ಮನೆಯವರೂ ಕರೆಯತೊಡಗಿದರು. ಒಂದೊಂದು ಮನೆಯಲ್ಲಿ ಒಂದೊಂದು ಕಾರಣ. ಒಬ್ಬರ ಮನೆಯಲ್ಲಿ ಯುಗಾದಿಗೆ ಡಿಸ್ಟೆಂಪರ್ ಹೊಡೆಸಿದಾಗ ಬಣ್ಣದ ಹನಿ ಜಾಕಿನ ತೂತಿನೊಳಗೆ ಒಣಗಿ ಕೂತಿತ್ತು. ಒಳಗಿನ ಕೂದಲಿನಂಥ ತಂತಿಗಳಿಗೆ ಪ್ಲಗ್ಗು ತಾಗುತ್ತಲೇ ಇರಲಿಲ್ಲ. ಅಂಥ ಜಾಕನ್ನು ಕೆರೆಯುವ ಬದಲು ಹೊಸದು ಹಾಕುವುದೇ ಮೇಲು. ಇನ್ನೊಬ್ಬರಲ್ಲಿ ಮಂಚ ಸರಿಸುವಾಗ ಕಾಲಿಗೆ ಸಿಕ್ಕಿ ತಂತಿ ಜಜ್ಜಿಹೋಗಿತ್ತು. ಮತ್ತೊಂದು ಮನೆಯಲ್ಲಿ ಮೂರು ಫೋನು. ಮಹಡಿಯ ಫೋನಿನ ರಿಸೀವರನ್ನು ಮಗು ಎತ್ತಿಟ್ಟು ಆಡಲು ಹೋಗಿತ್ತು, ಅದರಿಂದ ಇಡೀ ಮನೆಯ ಲೈನೇ ಸುಮ್ಮನಾಗಿತ್ತು! ಮತ್ತೊಬ್ಬರದು ಕಾರ್ಡ್‌ಲೆಸ್ ಫೋನು. ಅದಕ್ಕೆ ಮನೆಯ ಕರೆಂಟು ಬೇಕು. ಕರೆಂಟು ಹೋದಾಗಲೆಲ್ಲ ಫೋನು ಸತ್ತಿತೆಂದು ಬೇಸರಪಟ್ಟುಕೊಳ್ಳುತ್ತಿದ್ದರು. ತಾಮ್ರದ ತಂತಿಯಲ್ಲೇ ಇಂಟರ್ನೆಟ್ಟೂ ಬರುತ್ತಿದ್ದ ಒಂದು ಮನೆಯಲ್ಲಿ ಫೋನನ್ನೂ ಮೋಡೆಮ್ಮನ್ನೂ ಬೇರೆ ಮಾಡುವ ಪುಟ್ಟ ಸ್ಪ್ಲಿಟರ್ ಡಬ್ಬಿಯೇ ಕೆಟ್ಟಿತ್ತು. ಅದನ್ನು ತೆಗೆದು ಫೋನನ್ನು ನೇರವಾಗಿ ಗೋಡೆಗೆ ಸಿಕ್ಕಿಸಿದಾಗ ಸದ್ದು ಬಂತು.

ಒಂದಕ್ಕಿಂತ ಹೆಚ್ಚು ಫೋನಿರುವ ಮನೆಯಲ್ಲಿ ಇಷ್ಟು ಮಾಡಿ. ಎಲ್ಲ ಫೋನುಗಳನ್ನೂ ಕಿತ್ತಿಡಿ. ಚೆನ್ನಾಗಿದೆಯೆಂದು ಗೊತ್ತಿರುವ ಒಂದನ್ನು ಮಾತ್ರ ಮೊದಲ ಡಬ್ಬಿಗೆ ಸಿಕ್ಕಿಸಿ. ಅಲ್ಲಿ ಸದ್ದಿಲ್ಲದಿದ್ದರೆ ಒಳಗೆ ಹೋಗುವ ತಂತಿಯನ್ನು ಆ ಡಬ್ಬಿಯಲ್ಲಿ ಬಿಡಿಸಿ ಮತ್ತೊಮ್ಮೆ ನೋಡಿ. ಆಗಲೂ ಇಲ್ಲವೆಂದರೆ ತೊಂದರೆ ಹೊರಗಿನದು, ಧೈರ್ಯವಾಗಿ ದೂರು ಕೊಡಬಹುದು. ಬಿಡಿಸಿದ ಕೂಡಲೇ ಸದ್ದು ಬಂದರೆ ಒಳಗೆಲ್ಲೋ ಎರಡು ತಂತಿ ತಾಗಿವೆ ಎಂದರ್ಥ. ಆಮೇಲೆ ಒಂದೊಂದೇ ಕೋಣೆಯನ್ನು, ಒಂದೊಂದೇ ಫೋನನ್ನು ಸೇರಿಸುತ್ತಾ ಬನ್ನಿ. ಯಾವುದನ್ನು ಸೇರಿಸಿದಾಗ ಸದ್ದು ನಿಲ್ಲುತ್ತದೋ ಅದೇ ಅಪರಾಧಿ. ಬೇಳೆಯಲ್ಲಿ ಕಲ್ಲು ಆರಿಸಿದಂತೆ ನಿಧಾನವಾಗಿ ಮಾಡುವ ಕೆಲಸ ಇದು. ಅವಸರ ಬೇಡ. ತಂತಿ ಬಿಚ್ಚುವ ಮೊದಲು ಯಾವ ಬಣ್ಣದ್ದು ಎಲ್ಲಿತ್ತೆಂದು ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಂಡರೆ ಆಮೇಲೆ ತಲೆಕೆಡಿಸಿಕೊಳ್ಳಬೇಕಾಗಿಲ್ಲ.

ಇನ್ನು ಜೋಪಾನದ ಮಾತು. ತಾಮ್ರದ ಫೋನು ತಂತಿಯಲ್ಲಿ ಸುಮ್ಮನಿರುವಾಗ ಸುಮಾರು 48 ವೋಲ್ಟ್ ಇರುತ್ತದೆ. ಗಂಟೆ ಹೊಡೆಯುವಾಗ 75 ವೋಲ್ಟಿನಷ್ಟು, ಕೆಲವೊಮ್ಮೆ ಇನ್ನೂ ಹೆಚ್ಚು ಬರುತ್ತದೆ. ಮನೆಯ 230 ವೋಲ್ಟಿನ ಕರೆಂಟಿನಷ್ಟು ಅಪಾಯದ್ದಲ್ಲದಿದ್ದರೂ, ಒದ್ದೆ ಕೈಯಲ್ಲಿ ಮುಟ್ಟಿದಾಗ ಗಂಟೆ ಬಂದರೆ ಚುರುಕ್ಕೆನ್ನುತ್ತದೆ. ಹೃದಯದ ತೊಂದರೆ ಇರುವವರು ಈ ಕೆಲಸಕ್ಕೆ ಕೈ ಹಾಕಬಾರದು. ಉಳಿದವರೂ ಕೈ ಒಣಗಿಸಿಕೊಂಡೇ ಮುಟ್ಟಿ. ಗುಡುಗು ಮಿಂಚು ಇರುವಾಗ ಖಂಡಿತ ಬೇಡ. ಕರೆಂಟಿನ ಟೆಸ್ಟರ್ ಇಟ್ಟು ನೋಡಿ, ಉರಿಯಲಿಲ್ಲವೆಂದು ಫೋನು ಲೈನು ಸತ್ತಿದೆ ಎಂದುಕೊಳ್ಳಬೇಡಿ. 48 ವೋಲ್ಟಿಗೆ ಆ ಟೆಸ್ಟರ್ ಉರಿಯುವುದಿಲ್ಲ. ಗಂಟೆ ಹೊಡೆಯದೇ ಇರುವಾಗಲೂ ಅದು ಉರಿದರೆ ಮಾತ್ರ ಕೈ ತೆಗೆದುಬಿಡಿ. ಮನೆಯ ಕರೆಂಟು ಎಲ್ಲೋ ಫೋನು ತಂತಿಗೆ ತಗುಲಿರುತ್ತದೆ. ಮೈನ್ ಆರಿಸಿ ಎಲೆಕ್ಟ್ರಿಷಿಯನ್ನರನ್ನು ಕರೆಯಬೇಕು. ರಸ್ತೆಯ ಕಂಬ, ಅದರ ಮೇಲಿನ ಡಬ್ಬಿ ಇವೆರಡೂ ನಮ್ಮ ಪಾಲಿನದಲ್ಲ. ಅಲ್ಲಿಗೆ ಏಣಿ ಹಾಕುವುದು ಬೇಡ.

ನಮ್ಮ ಮಗಳು ಇರುವುದು ವೈಟ್‌ಫೀಲ್ಡಿನ ಒಂದು ಫ್ಲಾಟಿನಲ್ಲಿ. "ಅಮ್ಮಾ, ನಮ್ಮನೇಲಿ ಐದು ಕಡೆ ಫೋನ್ ಜಾಕ್ ಇದೆ, ಒಂದ್ರಲ್ಲೂ ಜೀವ ಇಲ್ಲ. ಬಂದು ನೋಡು" ಎಂದಳು. ಹೋಗಿ ನೋಡಿದರೆ ಅಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಕಟ್ಟಿಸಿದವರು ಗೋಡೆಯೊಳಗೆ ತಂತಿ ಎಳೆದು, ಎಲ್ಲವನ್ನೂ ಮಹಡಿಯ ಮೆಟ್ಟಿಲ ಪಕ್ಕದ ಒಂದು ಪೆಟ್ಟಿಗೆಗೆ ತಂದು ನಿಲ್ಲಿಸಿದ್ದರು. ಹೊರಗಿನ ಲೈನನ್ನು ಅಲ್ಲಿ ಯಾರೂ ಸೇರಿಸಿಯೇ ಇರಲಿಲ್ಲ. ಪೈಪು ಹಾಕಿ ಟ್ಯಾಂಕಿಗೆ ಜೋಡಿಸದಿದ್ದ ಹಾಗೆ. ಇಂಥ ಕೆಲವು ಕಟ್ಟಡಗಳಲ್ಲಿ ಅದೇ ಜಾಕು ಕಾವಲುಗಾರರ ಜೊತೆ ಮಾತನಾಡುವ ಇಂಟರ್‌ಕಾಮಿಗೆ ಸೇರಿರುತ್ತದೆ. ಫೋನು ಸಿಕ್ಕಿಸಿದರೆ ಸದ್ದು ಬರುತ್ತದೆ, ಹೊರಗಿನ ನಂಬರು ಮಾತ್ರ ಹೋಗುವುದಿಲ್ಲ. ಹೊಸ ಫ್ಲಾಟಿಗೆ ಹೋದವರು ಜಾಕು ಕಿತ್ತು ನೋಡುವ ಮುಂಚೆ ಅಸೋಸಿಯೇಷನ್ ಕಚೇರಿಯಲ್ಲಿ ಇದನ್ನೊಂದು ಕೇಳಿಕೊಳ್ಳಿ.

2022ರಲ್ಲಿ ನಮ್ಮ ಮನೆಯ ಜಾಕುಗಳು ಎರಡನೆಯ ಸಲ ಸತ್ತವು. ಈ ಸಲ ಕಿಲುಬಲ್ಲ. ರಸ್ತೆ ಅಗೆದಾಗ ತಾಮ್ರದ ಕೇಬಲ್ಲು ತುಂಡಾಯಿತು. ಅದನ್ನು ಕೂಡಿಸುವ ಬದಲು ಗಾಜಿನ ಎಳೆಯ ಫೈಬರ್ ಲೈನು ಕೊಡುತ್ತೇವೆ, ನಂಬರು ಅದೇ ಇರುತ್ತದೆ ಎಂದರು. ಹಾಲಿನ ಗೋಡೆಗೆ ದೀಪ ಮಿನುಗುವ ಒಂದು ಪೆಟ್ಟಿಗೆ ಬಂತು. ಫೋನು ಇನ್ನು ಆ ಪೆಟ್ಟಿಗೆಗೇ ಸಿಕ್ಕಿಸಬೇಕು. ಗೋಡೆಯ ಜಾಕುಗಳಿಗೆ ಬರುತ್ತಿದ್ದ ತಾಮ್ರದ ತಂತಿಯೇ ಇಲ್ಲವಾದ ಮೇಲೆ ಅವುಗಳಿಗೆ ಜೀವ ಎಲ್ಲಿಂದ? ತೊಂಬತ್ತು ದಾಟಿದ ಅತ್ತೆಯವರು ಹಾಲಿಗೆ ಬಂದು ನಿಂತು ಮಾತನಾಡುವುದು ಆಗದ ಮಾತು.

ಇದಕ್ಕೂ ದಾರಿಯಿದೆ. ಪೆಟ್ಟಿಗೆಯ ಹಿಂದೆ ಫೋನಿಗೆಂದು ಒಂದು ತೂತಿರುತ್ತದೆ. ಎರಡೂ ತುದಿಯಲ್ಲಿ ಪ್ಲಗ್ಗಿರುವ ಒಂದು ಬಳ್ಳಿ ತಂದು, ಒಂದು ತುದಿಯನ್ನು ಅಲ್ಲಿಗೂ ಇನ್ನೊಂದನ್ನು ಹಾಲಿನ ಹಳೆಯ ಜಾಕಿಗೂ ಸಿಕ್ಕಿಸಿದರೆ, ಮನೆಯೊಳಗಿನ ಹಳೆಯ ತಂತಿಯಲ್ಲೇ ಹಿಂದಿನ ಕೋಣೆಯವರೆಗೆ ಸದ್ದು ಹೋಗುತ್ತದೆ. ಆದರೆ ಮೊದಲು ಮುಂಗೋಡೆಯ ಡಬ್ಬಿಯಲ್ಲಿ ಹೊರಗಿನ ತಾಮ್ರದ ತಂತಿಯನ್ನು ಪೂರ್ತಿ ಬಿಡಿಸಿ, ತುದಿಗೆ ಟೇಪು ಸುತ್ತಲೇಬೇಕು. ಆ ಹಳೆಯ ತಂತಿಯಲ್ಲಿ ಯಾವಾಗಲಾದರೂ ಕರೆಂಟು ಬಂದರೆ ಹೊಸ ಪೆಟ್ಟಿಗೆ ಸುಟ್ಟುಹೋದೀತು. ಪೆಟ್ಟಿಗೆ ಕೂರಿಸಲು ಬಂದ ಹುಡುಗನನ್ನು ನಿಲ್ಲಿಸಿಕೊಂಡು, ಅವನ ಎದುರಿಗೇ ತಂತಿ ಬಿಡಿಸಿ, ಸರಿಯೆಂದು ಅವನಿಂದ ಹೇಳಿಸಿಕೊಂಡು ಜೋಡಿಸಿದೆ. ಈ ಪೆಟ್ಟಿಗೆಗಳಿಗೆ ಹೆಚ್ಚು ಫೋನಿನ ಗಂಟೆ ಬಾರಿಸುವ ಶಕ್ತಿಯಿರುವುದಿಲ್ಲ. ಒಂದೋ ಎರಡೋ ಫೋನಿದ್ದರೆ ಸಾಕು.

ಇನ್ನೊಂದು ವ್ಯತ್ಯಾಸವನ್ನು ಹಿರಿಯರಿರುವ ಮನೆಯವರು ಮರೆಯಬಾರದು. ತಾಮ್ರದ ಫೋನಿಗೆ ಕರೆಂಟು ಎಕ್ಸ್‌ಚೇಂಜಿನ ಬ್ಯಾಟರಿಯಿಂದಲೇ ಬರುತ್ತದೆ. ಮನೆ ಕತ್ತಲಾದರೂ ಸಾದಾ ಫೋನು ಮಾತನಾಡುತ್ತದೆ. ಫೈಬರಿನ ಪೆಟ್ಟಿಗೆಗೆ ನಮ್ಮ ಮನೆಯ ಕರೆಂಟೇ ಬೇಕು. ಕರೆಂಟು ಹೋದರೆ ಫೋನೂ ಹೋಯಿತು. ರಾತ್ರಿ ಹೊತ್ತು ವಯಸ್ಸಾದವರಿಗೆ ಏನಾದರೂ ಆಗಿ, ಅದೇ ಹೊತ್ತಿಗೆ ಕರೆಂಟೂ ಇಲ್ಲದಿದ್ದರೆ? ಆದ್ದರಿಂದ ಆ ಪೆಟ್ಟಿಗೆಯನ್ನು ಯು.ಪಿ.ಎಸ್. ಇರುವ ಪ್ಲಗ್ಗಿಗೆ ಹಾಕಿಸಿ. ಇನ್ವರ್ಟರ್ ಇಲ್ಲದ ಮನೆಗೆ ಈ ಪೆಟ್ಟಿಗೆಗೆಂದೇ ಸಿಗುವ ಚಿಕ್ಕ ಯು.ಪಿ.ಎಸ್. ಸಾಕು.

ಅತ್ತೆಯವರ ಮಂಚದ ಪಕ್ಕದ ಫೋನಿಗೆ ಆಗ ಮತ್ತೆ ಸದ್ದು ಬಂತು. ಈಗ ಸಂಜೆ ಏಳಕ್ಕೆ ಫೋನು ಮಾಡಿದವಳು ತಿಪಟೂರಿನ ಆ ಸೊಸೆ. ಚಿಕ್ಕಮ್ಮ ಹೋದ ಮೇಲೂ ಅವಳು ಆ ಪದ್ಧತಿ ಬಿಟ್ಟಿರಲಿಲ್ಲ. ದಿನಾ ಅಲ್ಲದಿದ್ದರೂ ವಾರಕ್ಕೆರಡು ಸಲ ಮಾಡುತ್ತಿದ್ದಳು. ಮಾತೂ ಅದೇ, ಊಟ ಮತ್ತು ಮಂಡಿನೋವು.

ನಿಮ್ಮ ಮನೆಯಲ್ಲೂ ಗೋಡೆಯ ಮೂಲೆಯಲ್ಲಿ ಇಂಥದೊಂದು ಡಬ್ಬಿ ಇದ್ದೀತು. ಮುಂದಿನ ಸಲ ಜೇಡರ ಬಲೆ ತೆಗೆಯುವಾಗ, ತಂತಿ ಎಲ್ಲಿಂದ ಬಂದು ಯಾವ ಯಾವ ಕೋಣೆಗೆ ಹೋಗಿದೆ ಎಂದು ಕಣ್ಣಲ್ಲೇ ಒಮ್ಮೆ ನೋಡಿಟ್ಟುಕೊಳ್ಳಿ. ಕ್ಯಾಲೆಂಡರಿನ ಹಿಂದೆ ಒಂದು ಚಿತ್ರ ಬರೆದಿಟ್ಟರೆ ಇನ್ನೂ ಒಳ್ಳೆಯದು. ಉಪ್ಪಿನ ಡಬ್ಬಿ ಎಲ್ಲಿದೆ, ಗ್ಯಾಸಿನ ವಾಲ್ವ್ ಯಾವ ಕಡೆ ತಿರುಗುತ್ತದೆ ಎಂದು ಕತ್ತಲಲ್ಲೂ ಬಲ್ಲ ನಮಗೆ ಇದು ಹೆಚ್ಚಿನ ಹೊರೆಯೇನಲ್ಲ.